ಜನವಸತಿ ಇರುವುದಿಲ್ಲ

ಪಾಲಮ್ಮನನ್ನು ಕಂಬಳಿಯಲ್ಲಿ ಹೊತ್ತುಕೊಂಡು ನಾಲ್ಕು ಜನ ಗುಡ್ಡ ಇಳಿದು ಬಂದಾಗ ಗೇಟಿಗೆ ಬೀಗ ಹಾಕಿತ್ತು.

ಗೇಟಿನ ಆಚೆ ಆಂಬುಲೆನ್ಸ್ ನಿಂತಿತ್ತು. ಅದು ಬಂದು ಒಂದೂವರೆ ತಾಸಾಗಿತ್ತು. ಕಂಬಳಿಯ ಒಂದು ಮೂಲೆ ಹಿಡಿದಿದ್ದ ಗಾದೆಮ್ಮನ ಬೆರಳು ಮರಗಟ್ಟಿದ್ದವು. ನಾಲ್ಕು ಕಿಲೋಮೀಟರ್ ಇಳಿಜಾರು. ಮುಂದಿನವರು ತಗ್ಗಿದರೆ ಮುದುಕಿ ಜಾರುತ್ತಿದ್ದಳು. ಹಿಂದಿನವರು ನಿಂತರೆ ನರಳುತ್ತಿದ್ದಳು. ಬೆಳಿಗ್ಗೆ ಉದುರಿದ ಸೀತಾಫಲ ಆರಿಸಲು ಹೋದವಳನ್ನು ಕರಡಿ ಹಿಡಿದಿತ್ತು. ನೆತ್ತಿಯ ಚರ್ಮವನ್ನು ಹಣೆಯ ಮೇಲಕ್ಕೆ ಎಳೆದು ಹಾಕಿತ್ತು. ಹಳೇ ಸೀರೆ ಹರಿದು ತಲೆಗೆ ಸುತ್ತಿದ್ದರು. ಆ ಸೀರೆ ಯಾವ ಬಣ್ಣದ್ದೆಂದು ಈಗ ಹೇಳುವಂತಿರಲಿಲ್ಲ.

ಗೇಟಿನ ಆಚೆ ಹಂಪೇಶ ನಿಂತಿದ್ದ. ನೀಲಿ ಅಂಗಿ, ಎದೆಯ ಮೇಲೆ ಕಂಪನಿಯ ಹೆಸರು. ಗುಡ್ಡದ ತುಂಬ ಕರೆಂಟಿನ ಗಾಳಿಕಂಬ ನಿಲ್ಲಿಸಿದ ಕಂಪನಿ ಮೇಲಿನ ಹಟ್ಟಿಯಲ್ಲಿ ಕೆಲಸ ಕೊಟ್ಟಿದ್ದು ಇವನೊಬ್ಬನಿಗೆ. ಗೇಟು ಕಾಯುವ ಕೆಲಸ. ಕಂಬಳಿಯಲ್ಲಿ ಬಂದವಳು ಇವನ ಹೆತ್ತವ್ವ.

"ಬೀಗ ತೆಗಿಯಲೇ ಹಂಪ್ಯಾ!" ಗಾದೆಮ್ಮ ಕೂಗಿದಳು.

"ಕೀಲಿ ನನ್ನ ಹತ್ರ ಇಲ್ಲಕ್ಕಾ. ಸೂಪ್ರವೈಜರ್ ತಗೊಂಡು ಹೋಗ್ಯಾನ. ಬೆಳಿಗ್ಗಿಂದ ಫೋನ್ ಹಚ್ಚಾಕತ್ತೀನಿ, ಎತ್ತವಲ್ಲ."

"ಒಡಿಯಲೇ ಅದನ್ನ!"

"ಬಡದೀನಿ ನೋಡಿಲ್ಲಿ, ಕಲ್ಲು ತಗೊಂಡು." ಅವನ ಬೆರಳ ಗೆಣ್ಣುಗಳು ಸುಲಿದಿದ್ದವು. ಬೀಗಕ್ಕೆ ಎರಡು ಗೀರು ಬಿದ್ದಿದ್ದವು, ಅಷ್ಟೇ.

ಎಡಕ್ಕೂ ಬಲಕ್ಕೂ ಮುಳ್ಳುತಂತಿ. ಗೇಟಿಗೂ ನೆಲಕ್ಕೂ ನಡುವೆ ಎರಡು ಗೇಣು ಜಾಗ. ಮತ್ತೆ ಮೇಲಕ್ಕೆ ಹತ್ತಿ ಆಡಿನ ಜಾಡು ಹಿಡಿದು ಇಳಿಯುವಷ್ಟು ಹೊತ್ತಿರಲಿಲ್ಲ. ಪಾಲಮ್ಮನನ್ನು ಕಂಬಳಿ ಸಮೇತ ನೆಲಕ್ಕಿಳಿಸಿದರು. ಇತ್ತಿಂದ ಗಾದೆಮ್ಮ ಕಾಲು ಹಿಡಿದು ನೂಕಿದಳು. ಅತ್ತಿಂದ ಹಂಪೇಶ ಮಂಡಿಯೂರಿ ಕೂತು ತನ್ನ ತಾಯಿಯ ಎರಡೂ ಕಂಕುಳಿಗೆ ಕೈಹಾಕಿ ಎಳೆದ. ಶೇಂಗಾ ಚೀಲ ಎಳೆದ ಹಾಗೆ. ಕಬ್ಬಿಣದ ಪಟ್ಟಿ ಮುದುಕಿಯ ಎದೆಗೆ ಒರಸಿತು. ಅವಳು "ಯಪ್ಪಾ" ಅಂದಳು. ಅದೇ ಕೊನೆಯ ಮಾತು. ಕೂಡ್ಲಿಗಿ ಆಸ್ಪತ್ರೆ ಮುಟ್ಟುವ ಮೊದಲೇ ಆಂಬುಲೆನ್ಸಿನಲ್ಲಿ ಉಸಿರು ನಿಂತಿತು.

*

ಹೆಡಗಿಹಟ್ಟಿ ಯಾವ ನಕಾಶೆಯಲ್ಲೂ ಇಲ್ಲ. ಮದರಾಸಿನವರ ಕಾಲದಲ್ಲಿ ಇರಲಿಲ್ಲ, ಮೈಸೂರು ಬಂದಾಗ ಇರಲಿಲ್ಲ, ಬಳ್ಳಾರಿ ಜಿಲ್ಲೆ ಹೋಗಿ ವಿಜಯನಗರ ಜಿಲ್ಲೆ ಆದಾಗಲೂ ಇರಲಿಲ್ಲ. ಇಪ್ಪತ್ಮೂರು ಮನೆ. ಎಲ್ಲ ಮಾದಿಗರವು. ಗುಡ್ಡದ ನೆತ್ತಿಗೆ ಸ್ವಲ್ಪ ಕೆಳಗೆ, ಎರಡು ಹಾಸುಬಂಡೆಗಳ ನಡುವೆ.

ಊರು ಹುಟ್ಟಿದ ಕಥೆಯನ್ನು ಪಾಲಮ್ಮ ಎಷ್ಟು ಸಲ ಹೇಳಿದ್ದಳೋ. ಗುಡ್ಡದ ಬುಡದಲ್ಲಿರುವ ತಿಮ್ಮಲಗೆರೆಯ ಕೆರೆ ತೋಡಿದವರು ಇವರ ಹಿರಿಯರು. ಕೆರೆ ತುಂಬಿದ ಮೇಲೆ ಅದರ ನೀರು ಮುಟ್ಟಬಾರದೆಂದು ಊರು ಕಟ್ಟು ಮಾಡಿತು. ಒಂದು ಬೇಸಿಗೆ, ಬಾಣಂತಿಯೊಬ್ಬಳು ತಡೆಯಲಾರದೆ ಕೊಡ ಅದ್ದಿದಳು. ಆ ದಿನವೇ ಕೇರಿಗೆ ಬೆಂಕಿ ಬಿತ್ತು. ಏಳು ಮನೆಯವರು ಮಕ್ಕಳನ್ನು ಎತ್ತಿಕೊಂಡು ಗುಡ್ಡ ಹತ್ತಿದರು. ಮೇಲೆ ಒಂದು ಕಲ್ಲುದೊಣೆಯಲ್ಲಿ ನೀರಿತ್ತು. ಮಣ್ಣಿರಲಿಲ್ಲ. ಬರೀ ಬಂಡೆ.

ಮಣ್ಣನ್ನು ಹೊತ್ತು ತಂದರು. ಬೇಸಿಗೆಯಲ್ಲಿ ತಿಮ್ಮಲಗೆರೆಯವರಿಗೆ ಕೆರೆಯ ಹೂಳು ತೆಗೆಯಲು ಇವರೇ ಬೇಕಾಗುತ್ತಿತ್ತು. ಬಿಟ್ಟಿ ಕೆಲಸ. ಹಗಲೆಲ್ಲ ಗೌಡರ ಹೊಲಕ್ಕೆ ಹೂಳು ಹೊರಬೇಕು. ಹೊತ್ತು ಮುಳುಗುವಾಗ ಕೊನೆಯ ಒಂದು ಹೆಡಗಿ ಅವರವರಿಗೆ. ಆ ಒಂದು ಬುಟ್ಟಿ ಹೂಳನ್ನು ತಲೆಯ ಮೇಲಿಟ್ಟುಕೊಂಡು ಹೆಂಗಸರು ಗುಡ್ಡ ಹತ್ತುತ್ತಿದ್ದರು. ಬಂಡೆಯ ತಗ್ಗಿನಲ್ಲಿ ಸುರಿಯುತ್ತಿದ್ದರು. ಮಳೆಗೆ ಕೊಚ್ಚಿಹೋಗದಂತೆ ಗಂಡಸರು ಕಲ್ಲಿನ ಒಡ್ಡು ಕಟ್ಟುತ್ತಿದ್ದರು. ನಲವತ್ತು ವರ್ಷ ಹೀಗೆ. ಮೊಳಕಾಲುದ್ದ ಮಣ್ಣಾಯಿತು. ನವಣೆ ಬಿತ್ತಿದರು, ಸಜ್ಜೆ ಬಿತ್ತಿದರು, ಆಮೇಲೆ ಶೇಂಗಾ. ಹೊಲದ ಪಟ್ಟಿಗಳಿಗೆ ಮಣ್ಣು ಹೊತ್ತವರ ಹೆಸರೇ ನಿಂತಿತು. ದುರುಗವ್ವನ ಪಟ್ಟಿ. ಹನುಮವ್ವನ ತುಂಡು. ಪಾಲಮ್ಮ ಎಂಟು ವರ್ಷದವಳಿದ್ದಾಗಿನಿಂದ ಹೊತ್ತಿದ್ದಳು. ಅವಳ ನೆತ್ತಿಯ ನಡುವೆ ರೂಪಾಯಿಯಷ್ಟಗಲ ಕೂದಲಿರಲಿಲ್ಲ.

ಗಾದೆಮ್ಮ ಈ ಹಟ್ಟಿಗೆ ಸೊಸೆಯಾಗಿ ಬಂದವಳು, ಹಡಗಲಿ ಕಡೆಯವಳು. ಗಂಡ ದುರುಗಪ್ಪ ವರ್ಷದ ಆರು ತಿಂಗಳು ಮಂಡ್ಯದ ಕಡೆ ಕಬ್ಬು ಕಡಿಯಲು ಹೋಗುತ್ತಿದ್ದ. ಅವಳು ಹೊಲ ನೋಡಿಕೊಂಡು, ಬಿಡುವಿದ್ದಾಗ ಕೆಳಗೆ ಕೊಟ್ರಸ್ವಾಮಿಯ ತೋಟದಲ್ಲಿ ಕಳೆ ತೆಗೆಯುತ್ತಿದ್ದಳು. ಪಂಚಾಯ್ತಿ ಎಲೆಕ್ಷನ್ನಿನಲ್ಲಿ ಮೂರನೇ ವಾರ್ಡು ಪರಿಶಿಷ್ಟ ಜಾತಿಯ ಹೆಂಗಸಿಗೆ ಮೀಸಲಾಯಿತು. ಕೊಟ್ರಸ್ವಾಮಿ ತೋಟದ ಬದುವಿಗೆ ಬಂದು ನಿಂತು, "ಗಾದಿ, ನಿನ್ನ ಮೆಂಬರ್ ಮಾಡಾಕತ್ತೀನಿ, ಕೈತೊಳಕೊಂಡು ಬಾ" ಅಂದ. ಎದುರಾಳಿಯೇ ಇಲ್ಲದೆ ಆರಿಸಿ ಬಂದಳು. ಅವನು ಅಧ್ಯಕ್ಷನಾದ.

ಪಂಚಾಯ್ತಿ ಕಟ್ಟಡದಲ್ಲಿ ಹನ್ನೊಂದು ಕುರ್ಚಿ ಇದ್ದವು, ಹನ್ನೊಂದು ಮೆಂಬರು. ಆದರೂ ಗಾದೆಮ್ಮ ಬಾಗಿಲ ಹತ್ತಿರ ನೆಲಕ್ಕೆ ಕೂರುತ್ತಿದ್ದಳು. ಕೂಡು ಅಂತ ಯಾರೂ ಹೇಳಲಿಲ್ಲ, ಕೂಡಬೇಡ ಅಂತಲೂ ಹೇಳಲಿಲ್ಲ. ಅವಳ ಕುರ್ಚಿಯ ಮೇಲೆ ಹಳೇ ಕಡತ ಇಟ್ಟಿರುತ್ತಿದ್ದರು. ಚಹಾ ಎಲ್ಲರಿಗೂ ಗಾಜಿನ ಲೋಟದಲ್ಲಿ ಬಂದರೆ ಅವಳಿಗೆ ಕಾಗದದ ಲೋಟದಲ್ಲಿ ಬರುತ್ತಿತ್ತು. ಕೊನೆಗೆ ಪುಸ್ತಕ ಅವಳ ತನಕ ಬರುತ್ತಿತ್ತು. ಅವಳು ಹೆಬ್ಬೆಟ್ಟು ಒತ್ತುವವಳಲ್ಲ. ಸಾಕ್ಷರತೆಯವರು ಬಂದಾಗ ಹೆಸರು ಬರೆಯಲು ಕಲಿತಿದ್ದಳು. ದ-ಕಾರಕ್ಕೆ ಏತ್ವ ಹಾಕುವಾಗ ನಾಲಿಗೆಯನ್ನು ಹಲ್ಲಿನ ನಡುವೆ ಹಿಡಿಯುತ್ತಿದ್ದಳು. ಒಂದೊಂದೇ ಅಕ್ಷರ. ಬರೆದು ಮುಗಿಸಿದಾಗ ಅವಳಿಗೆ ಹೆಮ್ಮೆ ಅನಿಸುತ್ತಿತ್ತು. ಮೇಲೆ ಏನು ಬರೆದಿದೆ ಎಂದು ಕೇಳಿದ್ದು ಒಂದೇ ಸಲ.

"ರಸ್ತಾದ್ದು," ಎಂದಿದ್ದ ಕೊಟ್ರಸ್ವಾಮಿ. "ನಿಮ್ಮ ಗುಡ್ಡಕ್ಕ ರಸ್ತಾ ಬರ್ತೈತಿ. ಹಾಕು."

ರಸ್ತೆ ಬಂತು. ಎತ್ತಿನ ಗಾಡಿಯ ದಾರಿಯನ್ನೇ ಅಗಲ ಮಾಡಿ, ಬಂಡೆ ಸಿಡಿಸಿ, ದೊಡ್ಡ ಲಾರಿಗಳು ಬರುವಂಥ ರಸ್ತೆ. ಲಾರಿಗಳಲ್ಲಿ ರೆಕ್ಕೆಗಳು ಬಂದವು. ಒಂದೊಂದು ರೆಕ್ಕೆಯೂ ಹಟ್ಟಿಗಿಂತ ಉದ್ದ. ಕಂಬಗಳು ಎದ್ದು ನಿಂತ ಮೇಲೆ ಬುಡದಲ್ಲಿ ಗೇಟು ಬಂತು. ಮೊದಲು ಹಗಲು ತೆರೆದಿಡುತ್ತಿದ್ದರು. ಆಮೇಲೆ ಹೆಸರು ಬರೆಸಿ ಬಿಡುತ್ತಿದ್ದರು. ಆಮೇಲೆ ನಡೆದು ಹೋಗುವವರಿಗೆ ಸರಿ, ಗಾಡಿಗೆ ಇಲ್ಲ ಅಂದರು. ಶೇಂಗಾ ಚೀಲಗಳನ್ನು ಮತ್ತೆ ತಲೆಯ ಮೇಲೆ ಇಳಿಸಬೇಕಾಯಿತು. ಹತ್ತುವಾಗ ಮಣ್ಣು, ಇಳಿಯುವಾಗ ಶೇಂಗಾ. ಕತ್ತು ಅದೇ.

*

ಆಸ್ಪತ್ರೆಯ ಹಿಂದಿನ ಹೆಣದ ಕೋಣೆಯ ಮುಂದೆ ಬೇವಿನ ಮರ. ಅದರ ಕೆಳಗೆ ಹಂಪೇಶ ಕುಕ್ಕರುಗಾಲಲ್ಲಿ ಕೂತಿದ್ದ. ಅಂಗಿ ಬದಲಾಯಿಸಿರಲಿಲ್ಲ. ಅರಣ್ಯ ಇಲಾಖೆಯ ಸಾಹೇಬ ಬಂದ. ಕರಡಿ ಹೊಡೆದು ಸತ್ತರೆ ಸರ್ಕಾರದ ಪರಿಹಾರ ಇದೆ ಎಂದು ಯಾರೋ ಹೇಳಿದ್ದರು. ಗಾದೆಮ್ಮ ಎದ್ದು ನಿಂತು ಕೈಮುಗಿದು ಕೇಳಿದಳು.

ಸಾಹೇಬ ಕೆಟ್ಟವನಂತೆ ಕಾಣಲಿಲ್ಲ. ಮೆತ್ತಗೆ ಮಾತಾಡಿದ. "ಪರಿಹಾರ ಊರೊಳಗೆ, ಇಲ್ಲಾ ಹೊಲದೊಳಗೆ ಸತ್ತೋರಿಗೆ ಐತಮ್ಮಾ. ಇವರನ್ನ ಕರಡಿ ಹಿಡಿದಿದ್ದು ರಕ್ಷಿತ ಅರಣ್ಯದೊಳಗೆ. ಕಾಡಿನೊಳಗೆ ಯಾಕ ಹೋಗಿದ್ರು ಅಂತ ನಾವೇ ಕೇಳಬೇಕಾಗ್ತೈತಿ."

"ಕಾಡಲ್ರಿ ಅದು. ಆಕಿ ಹೊಲ. ಅಲ್ಲೇ ಊರೈತ್ರಿ."

"ಊರಿಲ್ಲಮ್ಮಾ ಅಲ್ಲಿ."

"ನಾನೇ ಅದೀನಲ್ರಿ ಅಲ್ಲಿ!"

ಸಾಹೇಬ ಮೊಬೈಲು ತೆಗೆದು ಬೆರಳಾಡಿಸಿ ಒಂದು ಚಿತ್ರ ತೋರಿಸಿದ. ಪಂಚಾಯ್ತಿಯ ಠರಾವು. ಕನ್ನಡದಲ್ಲಿ ಟೈಪು ಮಾಡಿದ ನಾಲ್ಕು ಸಾಲು. ಅವಳಿಗೆ ಓದಲು ತಡವಾಯಿತು. ಅವನೇ ಓದಿದ. "ಸದರಿ ಗುಡ್ಡ ಪ್ರದೇಶದಲ್ಲಿ ಯಾವುದೇ ಜನವಸತಿ ಇರುವುದಿಲ್ಲ, ಯಾರದೇ ಸಾಗುವಳಿ ಇರುವುದಿಲ್ಲ, ಕಂಪನಿಗೆ ಜಮೀನು ನೀಡಲು ಗ್ರಾಮಸಭೆಯ ಯಾವುದೇ ತಕರಾರು ಇರುವುದಿಲ್ಲ." ಕೆಳಗೆ ಹನ್ನೊಂದು ಸಹಿ. ಕೊನೆಯದು ದೊಡ್ಡ ದೊಡ್ಡ ಅಕ್ಷರದ್ದು. ಏತ್ವ ಸ್ವಲ್ಪ ಸೊಟ್ಟ.

"ಇದು ನಿಮ್ದೇ ಅಲ್ಲೇನಮ್ಮಾ?"

ಗಾದೆಮ್ಮ ಆ ಅಕ್ಷರಗಳನ್ನು ನೋಡಿದಳು. ತನ್ನದೇ. ಬೇರೆ ಯಾರೂ ಅಷ್ಟು ಕಷ್ಟಪಟ್ಟು ಬರೆಯುವುದಿಲ್ಲ. ಬೇವಿನ ಮರದ ಹಿಂದಕ್ಕೆ ಹೋಗಿ ಕಾರಿಕೊಂಡಳು. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಹಳದಿ ನೀರು ಬಂತು.

ಹಂಪೇಶ ಎಲ್ಲ ಕೇಳಿಸಿಕೊಂಡಿದ್ದ. "ನೀ ಬರಕೊಟ್ಟಿ, ನಾ ಬೀಗ ಕಾಯ್ದೆ," ಅಂದ. "ನಾವಿಬ್ಬರೇ ಸೇರಿ ಕೊಂದ್ವಿ ಬಿಡಕ್ಕಾ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು.

*

ಮರುದಿನ ಮಧ್ಯಾಹ್ನ ಹೆಣ ಕೊಟ್ಟರು. ಯಾವ ಗಾಡಿಯವನೂ ಒಪ್ಪಲಿಲ್ಲ. ಬಸ್ ಸ್ಟ್ಯಾಂಡಿನ ಹತ್ತಿರ ಗ್ಯಾರೇಜು ಇಟ್ಟಿದ್ದ ರಾಜಾಸಾಬ್, ಹಟ್ಟಿಯವರ ಔಷಧಿ ಹೊಡೆಯುವ ಪಂಪು ರಿಪೇರಿ ಮಾಡುತ್ತಿದ್ದವನು, ತನ್ನ ಸಾಮಾನಿನ ಟೆಂಪೊ ತಂದು ನಿಲ್ಲಿಸಿದ. "ಹತ್ರಿ, ಹತ್ರಿ, ಹೊತ್ತು ಮಾಡಬ್ಯಾಡ್ರಿ," ಅಂದನೇ ಹೊರತು ಬಾಡಿಗೆಯ ಮಾತು ಎತ್ತಲಿಲ್ಲ.

ಗೇಟಿನ ಹತ್ತಿರ ಹಟ್ಟಿಯವರೆಲ್ಲ ಇಳಿದು ಬಂದು ಕೂತಿದ್ದರು. ಗೇಟಿನ ಮುಂದೆ ಕೊಟ್ರಸ್ವಾಮಿ ನಿಂತಿದ್ದ. ಬಿಳಿ ಅಂಗಿ, ಹಣೆಯ ಮೇಲೆ ವಿಭೂತಿ. ಅವನ ಬದಿಗೆ ಅರಣ್ಯದ ಸಾಹೇಬ, ಇಬ್ಬರು ಗಾರ್ಡುಗಳು, ಇಬ್ಬರು ಪೊಲೀಸರು. ಕೀಲಿ ಇವತ್ತು ಬೀಗದಲ್ಲೇ ನೇತಾಡುತ್ತಿತ್ತು.

"ಹೆಣ ಮ್ಯಾಲೆ ಹೋಗಂಗಿಲ್ಲ," ಅಂದ ಕೊಟ್ರಸ್ವಾಮಿ. "ಅರಣ್ಯದೊಳಗ ಹೂಳಾಕ ಕಾನೂನಿಲ್ಲ. ಗೋರಿ ಕಟ್ಟತೀರಿ, ನಾಳೆ ಅದನ್ನ ತೋರಿಸಿ ಊರೈತಿ ಅಂತೀರಿ. ನನಗ ಗೊತ್ತಿಲ್ಲೇನು?"

"ಮತ್ತೆಲ್ಲಿ ಹೂಳಾಣ್ರಿ ಸ್ವಾಮೇರ?" ಹಟ್ಟಿಯ ಮುದುಕನೊಬ್ಬ ಕೇಳಿದ. "ಹಳ್ಳದ ದಂಡ್ಯಾಗಿನ ನಮ್ಮ ಜಾಗಕ್ಕ ಕಂಪನಿಯೋರು ಕರೆಂಟಿನ ಯಾರ್ಡು ಕಟ್ಯಾರ. ನಿಮ್ಮ ರುದ್ರಭೂಮಿಯಾಗ ಬಿಡಂಗಿಲ್ಲ."

"ನಾ ಬಿಡಂಗಿಲ್ಲ ಅಂತ ಅಂದೇನು? ಜಾಗ ಕೊಡ್ತೀನಿ. ಕೆರಿ ಅಂಗಳದಾಗ, ಜಾಲಿ ಮರದ ಹಿಂದ ಹೂಳ್ರಿ. ಜೆಸಿಬಿ ನಾನೇ ಕಳಸ್ತೀನಿ. ಆತಲ್ಲ?"

ಮುದುಕ ತಲೆ ತಗ್ಗಿಸಿದ. ಒಪ್ಪಿಕೊಂಡುಬಿಡುತ್ತಾರೆ ಎಂದು ಗಾದೆಮ್ಮನಿಗೆ ಗೊತ್ತಾಯಿತು. ಹೆಣ ಎರಡನೇ ದಿನದ್ದು. ಬಿಸಿಲು ಸುಡುತ್ತಿತ್ತು. ವಾಸನೆ ಶುರುವಾಗಿತ್ತು. ಬಡವರ ಹಟ ಎಷ್ಟು ಹೊತ್ತು ನಿಲ್ಲುತ್ತದೆಂದು ಕೊಟ್ರಸ್ವಾಮಿಗೆ ಚೆನ್ನಾಗಿ ತಿಳಿದಿತ್ತು. ಹೆಣ ಕೊಳೆಯುವ ತನಕ.

ಅವಳು ಟೆಂಪೊದಿಂದ ಇಳಿದಳು.

"ಬದುಕಿದ್ದಾಗ ಆ ಕೆರಿ ನೀರು ಮುಟ್ಟಗೊಡಲಿಲ್ಲ," ಅಂದಳು. ಧ್ವನಿ ಅವಳಿಗೇ ಹೊಸದಾಗಿತ್ತು. "ಸತ್ತ ಮ್ಯಾಲೆ ಕೆರಿಯೊಳಗ ಮಲಗಸ್ತೀರೇನು? ಮಳಿ ಬಂದ್ರ ಆಕಿ ಎಲುಬು ತೇಲಿ ಬರ್ತಾವು."

"ಗಾದಿ, ನೀ ಮೆಂಬರ್ ಅದಿ. ಬುದ್ಧಿ ಹೇಳಬೇಕಾದಾಕಿ."

"ಹೌದ್ರಿ, ಮೆಂಬರ್. ನೀವು ಹಾಕು ಅಂದ್ರಿ, ಹಾಕಿದೆ. ನನ್ನ ಕೈಲೆ ನನ್ನ ಊರು ಅಳಿಸಿದ್ರಿ." ಅವಳು ಹಟ್ಟಿಯವರ ಕಡೆ ತಿರುಗಿದಳು. "ಕೇಳ್ರಿ ಎಲ್ಲಾರು. ಗುಡ್ಡದಾಗ ಊರಿಲ್ಲ ಅಂತ ಬರದುಕೊಟ್ಟಾಕಿ ನಾನು. ಓದಲಾರದ ಬರದೀನಿ. ಉಗುಳ್ರಿ ನನ್ನ ಮಕಕ್ಕ. ಆದ್ರ ಆಮ್ಯಾಲೆ ಉಗುಳ್ರಿ. ಈಗ ಹೆಣ ಎತ್ರಿ."

ಯಾರೂ ಅಲ್ಲಾಡಲಿಲ್ಲ. ಅವಳು ಹಂಪೇಶನ ಮುಂದೆ ಹೋಗಿ ನಿಂತಳು.

"ನಿಮ್ಮವ್ವನ ತೆಲಿ ಕಡೆ ಹಿಡಿ."

ಹಂಪೇಶ ಒಮ್ಮೆ ಕೊಟ್ರಸ್ವಾಮಿಯ ಕಡೆ ನೋಡಿದ. ಒಮ್ಮೆ ತನ್ನ ಎದೆಯ ಮೇಲಿನ ಹೆಸರನ್ನು ನೋಡಿದ. ಆಮೇಲೆ ಟೆಂಪೊ ಹತ್ತಿ ತಾಯಿಯ ತಲೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡ.

"ಹಿಡೀರಿ ಅವರನ್ನ!" ಕೊಟ್ರಸ್ವಾಮಿ ಚೀರಿದ.

ಹಿಡಿಯುವವರು ಯಾರು? ಪೊಲೀಸನು ಗಾರ್ಡಿನ ಮುಖ ನೋಡಿದ, ಗಾರ್ಡು ಪೊಲೀಸನ ಮುಖ ನೋಡಿದ. ಮಾದಿಗರ ಹೆಣ. ಎರಡು ದಿನದ್ದು. ಮುಟ್ಟಿದರೆ ಮನೆಗೆ ಹೋಗಿ ತಲೆಯ ಮೇಲೆ ನೀರು ಹಾಕಿಕೊಳ್ಳಬೇಕು. ಗಾದೆಮ್ಮ ಮುಂದೆ ನಡೆದಂತೆಲ್ಲ ಅವರು ಹಿಂದೆ ಸರಿದರು. ಕೊಟ್ರಸ್ವಾಮಿ ಎಲ್ಲರಿಗಿಂತ ಎರಡು ಹೆಜ್ಜೆ ಹೆಚ್ಚು ಸರಿದ, ಹೆಗಲ ವಸ್ತ್ರ ಮೂಗಿಗೆ ಹಿಡಿದ. ನೂರು ವರ್ಷದಿಂದ ಇವರನ್ನು ಕೆರೆಯಿಂದ ದೂರ ಇಟ್ಟ ಮೈಲಿಗೆ ಅವತ್ತು ಒಂದು ದಿನದ ಮಟ್ಟಿಗೆ ಇವರಿಗೆ ದಾರಿ ಬಿಡಿಸಿತು.

ಗೇಟಿನ ರಸ್ತೆ ಕಂಪನಿಯದು, ಅದರಲ್ಲಿ ಹೋಗಲಿಲ್ಲ. ಮುಳ್ಳುತಂತಿ ಮುಗಿಯುವಲ್ಲಿಂದ ಹಳೇ ಆಡಿನ ಜಾಡಿನಲ್ಲಿ ಹತ್ತಿದರು. ಕಡಿದಾದ ದಾರಿ. ಹೆಗಲು ಬದಲಿಸಲೂ ಜಾಗವಿಲ್ಲ. ಒಬ್ಬರ ಹಿಂದೆ ಒಬ್ಬರು. ಹೆಂಗಸರು ಗಂಡಸರು ಅನ್ನದೆ ಕೈಕೊಟ್ಟರು. ಗಾದೆಮ್ಮನ ಅಂಗಾಲಿಗೆ ಕಲ್ಲು ಹೊಕ್ಕು ರಕ್ತ ಬಂತು. ನಿಲ್ಲಲಿಲ್ಲ. ರಾಜಾಸಾಬ್ ಅರ್ಧ ದಾರಿಯ ತನಕ ಹೆಗಲು ಕೊಟ್ಟು ಬಂದ.

ಪಾಲಮ್ಮನ ಪಟ್ಟಿಯಲ್ಲೇ ತೋಡಿದರು. ಮೊಳಕಾಲು ಆಳಕ್ಕೆ ಹಾರೆ ಠಣ್ ಅಂದಿತು. ಕೆಳಗೆ ಬಂಡೆ. ಆಚೆ ತೋಡಿದರೂ ಬಂಡೆ, ಈಚೆ ತೋಡಿದರೂ ಬಂಡೆ. ಅವರ ಹಿರಿಯರು ಹೊತ್ತು ಹಾಕಿದಷ್ಟೇ ಮಣ್ಣು ಆ ಊರಿನಲ್ಲಿತ್ತು. ಒಂದು ಗೇಣೂ ಹೆಚ್ಚಿಲ್ಲ. ಹೆಣ ಮುಚ್ಚಲು ಅದು ಸಾಲದು, ಕರಡಿ ಕೆದರುತ್ತದೆ. ಹಂಪೇಶ ಹಾರೆ ಬಿಟ್ಟು ಕೂತುಬಿಟ್ಟ. "ಆಕಿಗೆ ಮಣ್ಣೂ ಇಲ್ಲೇನಕ್ಕಾ?"

ಗಾದೆಮ್ಮ ತನ್ನ ಪಟ್ಟಿಗೆ ಹೋಗಿ ಬುಟ್ಟಿ ತುಂಬ ಮಣ್ಣು ತಂದು ಸುರಿದಳು. ಅವಳನ್ನು ನೋಡಿ ಇನ್ನೊಬ್ಬಳು ತಂದಳು. ಆಮೇಲೆ ಯಾರಿಗೂ ಹೇಳಬೇಕಾಗಲಿಲ್ಲ. ಪ್ರತಿ ಮನೆಯವರೂ ತಮ್ಮ ತಮ್ಮ ಹೊಲದ ಮಣ್ಣು ತಂದರು. ಬಿತ್ತನೆಯ ಮಣ್ಣು. ಒಂದು ಬುಟ್ಟಿ ಹೋದರೆ ಒಂದು ಮೊರ ಶೇಂಗಾ ಹೋದಂತೆ. ಆದರೂ ತಂದರು. ಹೊತ್ತು ಮುಳುಗುವ ಮೊದಲು ಮಣ್ಣು ಸೊಂಟದೆತ್ತರ ನಿಂತಿತು.

ಉಗುಳಿ ಅಂದಿದ್ದಳಲ್ಲ, ಯಾರೂ ಉಗುಳಲಿಲ್ಲ. ಆದರೆ ಕೈಕಾಲು ತೊಳೆದು ಹೋಗುವಾಗ ಯಾರೂ ಅವಳನ್ನು ಮಾತಾಡಿಸಲೂ ಇಲ್ಲ.

*

ಎರಡು ದಿನ ಬಿಟ್ಟು ಪೊಲೀಸ್ ಜೀಪು ಬಂತು. ಅರಣ್ಯದಲ್ಲಿ ಅತಿಕ್ರಮ ಪ್ರವೇಶ, ಹೆಣ ಹೂತಿದ್ದು, ಸರ್ಕಾರಿ ನೌಕರರ ಕೆಲಸಕ್ಕೆ ಅಡ್ಡಿ. ಒಂದನೇ ಆರೋಪಿ ಗಾದೆಮ್ಮ. ಎರಡನೇ ಆರೋಪಿ ಹಂಪೇಶ. ರಾಜಾಸಾಬನ ಟೆಂಪೊವನ್ನೂ ಹಿಡಿದು ಠಾಣೆಯ ಮುಂದೆ ನಿಲ್ಲಿಸಿದರು.

ಠಾಣೆಯಲ್ಲಿ ಬರೆಯುವವ ಕಂಪ್ಯೂಟರಿನ ಮುಂದೆ ಕೂತು ಕೇಳಿದ, "ಊರು?"

"ಹೆಡಗಿಹಟ್ಟಿ."

ಅವನು ಒತ್ತಿದ, ಇಳಿಸಿದ, ಏರಿಸಿದ. "ಇದರಾಗ ಇಲ್ಲ. ವೋಟರ್ ಕಾರ್ಡಿನಾಗ ಏನೈತಿ?"

"ತಿಮ್ಮಲಗೆರಿ ಅಂತ ಹಾಕ್ಯಾರ. ನಾನು ಅಲ್ಲಿಯಾಕಿ ಅಲ್ಲ. ಅಲ್ಲಿ ನನಗೊಂದು ಗ್ವಾಡಿ ಇಲ್ಲ, ಒಂದು ಗೂಟ ಇಲ್ಲ."

"ಕಂಪ್ಯೂಟರ್‌ನ್ಯಾಗ ಇಲ್ಲದ್ದು ಹೆಂಗ ಬರೀಲಿ? ಹೋಗಲಿ, ಇಲ್ಲಿ ಸಹಿ ಮಾಡು."

"ಮಾಡಂಗಿಲ್ರಿ."

"ಸಹಿ ಬರ್ತೈತಲ್ಲ ನಿನಗ?"

"ಬರ್ತೈತಿ. ಅದಕ್ಕ ಮಾಡಂಗಿಲ್ಲ."

ಬೈದರು. ಹೆದರಿಸಿದರು. ಸಂಜೆ ತನಕ ನೀರು ಕೊಡದೆ ಕೂರಿಸಿದರು. ಕೊನೆಗೆ "ಸಹಿ ಮಾಡಲು ನಿರಾಕರಿಸಿರುತ್ತಾಳೆ" ಎಂದು ಬರೆದುಕೊಂಡರು. ರಾಜಾಸಾಬ್ ತನ್ನ ಮನೆಯ ಕಾಗದ ಇಟ್ಟು ಇಬ್ಬರನ್ನೂ ಜಾಮೀನಿನ ಮೇಲೆ ಬಿಡಿಸಿದ.

ಆಮೇಲಿನ ತಿಂಗಳುಗಳಲ್ಲಿ ಹಟ್ಟಿ ಒಡೆಯಿತು. ಹಂಪೇಶನ ಕೆಲಸ ಹೋಯಿತು. ನಡೆದು ಹೋಗುವವರನ್ನೂ ಗೇಟಿನಲ್ಲಿ ತಡೆಯತೊಡಗಿದರು. ರೇಷನ್ನಿಗೆ, ಶಾಲೆಗೆ, ಔಷಧಿಗೆ ಎಲ್ಲದಕ್ಕೂ ಆಡಿನ ಜಾಡು. ಆಗ ಕೊಟ್ರಸ್ವಾಮಿ ಹೇಳಿ ಕಳಿಸಿದ. ಕೆರೆ ಅಂಗಳದ ಅಂಚಿನಲ್ಲಿ ಎಲ್ಲರಿಗೂ ಸೈಟು, ತಗಡಿನ ಮನೆ, ನಲ್ಲಿ. ಸ್ವಂತ ಇಚ್ಛೆಯಿಂದ ಬಂದೆವು ಎಂದು ಬರೆದುಕೊಟ್ಟರೆ ಸಾಕು. ಕೇಸೂ ಹೋಗುತ್ತದೆ.

ಹನ್ನೊಂದು ಮನೆಯವರು ಇಳಿದರು. ಗಾದೆಮ್ಮನಿಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಬಸುರಿ ಹೆಂಗಸು ಇದ್ದ ಮನೆ, ಕ್ಷಯದ ಮುದುಕ ಇದ್ದ ಮನೆ, ಶಾಲೆಗೆ ಹೋಗುವ ಮಕ್ಕಳಿದ್ದ ಮನೆ. ಅವಳಿಗೂ ಏಳನೇ ಇಯತ್ತೆಯ ಮಗಳಿದ್ದಳು. ಹುಡುಗಿ ದಿನಾ ಆಡಿನ ಜಾಡಿನಲ್ಲಿ ಇಳಿದು ಹತ್ತಿ ಬಂದು, ಉಣ್ಣುವಾಗಲೇ ತೂಕಡಿಸುತ್ತಿದ್ದಳು. ಒಂದು ದಿನ "ಅವ್ವಾ, ನಾವೂ ಹೋಗಾಣಲ್ಲ?" ಅಂದಳು. ಗಾದೆಮ್ಮ ಅವತ್ತು ಸಂಜೆ ಪಾತ್ರೆಗಳನ್ನು ಚೀಲಕ್ಕೆ ತುಂಬಿದಳು ಕೂಡ. ಮರುದಿನ ಬೆಳಿಗ್ಗೆ ಕೆಳಗಿಳಿದು ಆ ತಗಡಿನ ಮನೆಗಳನ್ನು ನೋಡಿ ಬಂದಳು. ಹೋದವರು ಬೆಳಿಗ್ಗೆ ಆರಕ್ಕೇ ಕೊಟ್ರಸ್ವಾಮಿಯ ತೋಟದಲ್ಲಿ ಬಗ್ಗಿ ನಿಂತಿದ್ದರು. ನಲ್ಲಿ ಇತ್ತು, ನೀರಿರಲಿಲ್ಲ. ಊರ ಹೋಟೆಲಿನ ಹೊರಗಟ್ಟೆಯ ಮೇಲೆ ಕಾಗದದ ಲೋಟಗಳು ಬಿದ್ದಿದ್ದವು. ಮೇಲಿದ್ದರೆ ದಾರಿ ಇಲ್ಲ. ಕೆಳಗಿದ್ದರೆ ನೆಲ ಇಲ್ಲ. ಅವಳು ಹತ್ತಿ ಬಂದು ಚೀಲದಿಂದ ಪಾತ್ರೆ ತೆಗೆದು ಮತ್ತೆ ಗೂಡಿಗೆ ಇಟ್ಟಳು.

"ಯಾಕಬೇ?" ಮಗಳು ಕೇಳಿದಳು.

"ಸುಮ್ನಿರು," ಅಂದಳು. ಮಗಳು ಗೋಡೆಯ ಕಡೆ ತಿರುಗಿ ಕೂತು ಅತ್ತಳು.

*

ಕೋರ್ಟಿನ ಮೊದಲ ದಿನ. ದುರುಗಪ್ಪ ಕಬ್ಬಿನ ಗದ್ದೆಯಲ್ಲಿದ್ದ, ಬರಲಾಗಲಿಲ್ಲ. ಗಾದೆಮ್ಮ ಮತ್ತು ಹಂಪೇಶ ನಸುಕಿನಲ್ಲಿ ಗುಡ್ಡ ಇಳಿದು, ಬಸ್ಸು ಹಿಡಿದು ಬಂದು, ಕೋರ್ಟಿನ ಜಗಲಿಯ ಮೇಲೆ ಕೂತರು. ಪುಷ್ಪಲತಾ ಎಂಬ ವಕೀಲರು ಇವರ ಪರ ನಿಂತಿದ್ದರು. ಚಿಕ್ಕ ವಯಸ್ಸಿನ ಹೆಣ್ಣುಮಗಳು, ಕರೀ ಕೋಟಿನ ತೋಳು ಹೊಲಿಗೆ ಬಿಟ್ಟಿತ್ತು. ಕಾಗದಗಳನ್ನು ತಿರುವಿ ತಿರುವಿ ನೋಡಿದರು.

"ಅಕ್ಕಾ, ಇವತ್ತು ಏನೂ ಇಲ್ಲ. ಹೆಸರು ಕರೀತಾರ. ಹಾಜರ್ ಅಂತ ಕೈ ಎತ್ರಿ, ಸಾಕು. ಮುಂದಿನ ತಾರೀಕು ಕೊಡ್ತಾರ."

"ಹೆಸರು ಅಷ್ಟೇ ಕರೀತಾರೇನ್ರಿ?"

"ಗಂಡನ ಹೆಸರು, ಊರು ಸೇರಿಸಿ ಕರೀತಾರ."

"ಯಾವ ಊರಂತ ಬರದಾರ್ರಿ?"

ಪುಷ್ಪಲತಾ ಕಾಗದ ನೋಡಿದರು. "ತಿಮ್ಮಲಗೆರಿ ಅಂತೈತಿ. ಅದನ್ನ ಆಮ್ಯಾಲೆ ಅರ್ಜಿ ಹಾಕಿ ಸರಿ ಮಾಡಸಾಣ. ಈಗ ಹೂಂ ಅನ್ರಿ."

"ಆಮ್ಯಾಲೆ ಆಕ್ಕತೇನ್ರಿ ಖರೇನ?"

ಅವರು ಸುಳ್ಳು ಹೇಳಲಿಲ್ಲ. "ಗೊತ್ತಿಲ್ಲಕ್ಕಾ. ಕಂಪನಿಯೋರು ಇದೇ ಕಾಗದ ಇಟ್ಟುಕೊಂಡು, ನೋಡ್ರಿ, ಇವರೇ ಕೋರ್ಟಿನಾಗ ತಿಮ್ಮಲಗೆರಿಯೋರು ಅಂತ ಒಪ್ಯಾರ ಅನ್ನಬಹುದು. ಆದ್ರ ಇವತ್ತು ಹೂಂ ಅನ್ನದಿದ್ರ ಗೈರುಹಾಜರಿ ಆಕ್ಕತಿ. ವಾರೆಂಟ್ ಹೊರಡಸ್ತಾರ. ಜಾಮೀನೂ ಹೋಗ್ತೈತಿ. ಮಗಳು ಅದಾಳ ನಿಮಗ. ವಿಚಾರ ಮಾಡ್ರಿ."

ಗಾದೆಮ್ಮ ವಿಚಾರ ಮಾಡಿದಳು. ಮನೆಯಲ್ಲಿ ಒಬ್ಬಳೇ ಇರುವ ಮಗಳನ್ನು ನೆನೆದಳು. ಕಾಗದ ಅಡವಿಟ್ಟ ರಾಜಾಸಾಬನನ್ನು ನೆನೆದಳು. ಬೆವರಿನಿಂದ ಕುಪ್ಪಸ ಬೆನ್ನಿಗೆ ಅಂಟಿತ್ತು. ಹೂಂ ಅಂದುಬಿಡುವುದು. ಒಂದೇ ಅಕ್ಷರ. ಬಾಯಿ ತೆರೆಯಲೂ ಬೇಕಾಗಿಲ್ಲ.

ಜವಾನ ಬಾಗಿಲಿಗೆ ಬಂದು ಕೂಗಿದ. "ಗಾದೆಮ್ಮ ಕೋಂ ದುರುಗಪ್ಪ, ಸಾಕಿನ್ ತಿಮ್ಮಲಗೆರೆ!"

ಅವಳು ಒಳಗೆ ಹೋಗಿ ನಿಂತಳು. 'ಹಾಜರ್' ಅನ್ನಲಿಲ್ಲ.

ಎರಡನೇ ಸಲ ಕೂಗಿದ. ಪುಷ್ಪಲತಾ ಅವಳ ಕಡೆ ನೋಡಿದರು. ಹಂಪೇಶ ಮೆಲ್ಲಗೆ, "ಅಕ್ಕಾ, ಅನ್ನು," ಅಂದ.

ಮೂರನೇ ಸಲ ಕೂಗಿದ.

"ಸಾಹೇಬ್ರ," ಅಂದಳು ಗಾದೆಮ್ಮ. ಕಟಕಟೆಯ ಕಟ್ಟಿಗೆ ಹಿಡಿದುಕೊಂಡಳು. "ಆ ಊರಾಗ ಆ ಹೆಸರಿನಾಕಿ ಯಾರೂ ಇಲ್ರಿ."

ನ್ಯಾಯಾಧೀಶರು ತಲೆಯೆತ್ತಿದರು. ನರೆತ ಕೂದಲಿನ ಮನುಷ್ಯ, ಮುಂದೆ ಕಡತಗಳ ರಾಶಿ. "ಗಾದೆಮ್ಮ ಅಂದರೆ ನೀವೇ ಅಲ್ಲವೇನಮ್ಮಾ?"

"ನಾನೇ ರೀ. ಊರು ಅದಲ್ರಿ. ನನ್ನೂರು ಹೆಡಗಿಹಟ್ಟಿ. ಗುಡ್ಡದ ಮ್ಯಾಲೈತ್ರಿ. ಹನ್ನೆರಡು ಮನಿ ಉಳದಾವು."

ಸರ್ಕಾರಿ ವಕೀಲ ಎದ್ದು ನಿಂತು, ಅಂಥ ಗ್ರಾಮ ಕಂದಾಯ ದಾಖಲೆಯಲ್ಲಿ ಇಲ್ಲವೆಂದೂ, ಈಕೆಯೇ ಪಂಚಾಯ್ತಿ ಸದಸ್ಯೆಯಾಗಿ ಹಾಗೆಂದು ಸಹಿ ಮಾಡಿದ್ದಾಳೆಂದೂ ಹೇಳಿದ. ನ್ಯಾಯಾಧೀಶರು ಆ ಠರಾವನ್ನು ನೋಡಿದರು.

"ಇದು ನಿಮ್ಮ ಸಹಿಯೇ?"

"ನನ್ನದೇ ರೀ. ಒಂದು ಸಲ ಬರದೀನಿ. ಇನ್ನೊಂದು ಸಲ ಬರಿಯಂಗಿಲ್ರಿ. ಬಾಯಿಲೆ ಅನ್ನಂಗೂ ಇಲ್ರಿ."

"ಈ ಹೆಸರಿಗೆ ನೀವು ಹಾಜರಿ ಹೇಳದಿದ್ದರೆ ಗೈರುಹಾಜರು ಎಂದು ಬರೆಯಬೇಕಾಗುತ್ತದೆ. ವಾರೆಂಟ್ ಆಗುತ್ತದೆ. ನಿಮ್ಮ ವಕೀಲರು ಹೇಳಿದ್ದಾರೆಯೇ?"

"ಹೇಳ್ಯಾರ್ರಿ."

"ಜೈಲಿಗೆ ಹೋಗಬೇಕಾಗಬಹುದು."

ಗಾದೆಮ್ಮ ಕಟ್ಟಿಗೆಯಿಂದ ಕೈ ತೆಗೆದಳು.

"ಹೋಗ್ತೀನ್ರಿ," ಅಂದಳು. "ಹೆಡಗಿಹಟ್ಟಿಯಾಕಿ ಅಂತ ಬರದು ಕಳಸ್ರಿ."